ಹೊಸ ಪಾಠದ ಹುರುಪು, ಹಳೆಯ ವಹಿಯ ಭಾರ

ಶಾಲೆಯ ಕೆಲಸಗಳಲ್ಲಿ ಕೆಲವನ್ನು ಪ್ರತಿ ಸಲವೂ ಹೊಸದಾಗಿ ಯೋಚಿಸಿ ಮಾಡಬೇಕಾಗುತ್ತದೆ. ಊರ ಹಿರಿಯರಿಂದ ಕೇಳಿದ ಕಥೆಯನ್ನು ಪಾಠವಾಗಿ ರೂಪಿಸುವುದು, ಮಕ್ಕಳ ಬರವಣಿಗೆಯಿಂದ ಭಿತ್ತಿಪತ್ರಿಕೆ ಹೊರಡಿಸುವುದು ಇಂಥವು. ಹಾಜರಿಯ ಮೊತ್ತ, ಅಂಕಪಟ್ಟಿ, ಪ್ರಗತಿಪತ್ರ, ಮಧ್ಯಾಹ್ನದ ಊಟದ ಲೆಕ್ಕ ಇವು ಹಿಂದಿನ ತಿಂಗಳು ಮಾಡಿದುದನ್ನೇ ಮತ್ತೆ ಮಾಡುವ ಕೆಲಸಗಳು. ಮೊದಲಿನವುಗಳಲ್ಲಿ ಹುರುಪಿದೆ, ಎರಡನೆಯವುಗಳಿಗೆ ಗಡುವಿದೆ. ಗಡುವುಳ್ಳದ್ದೇ ಸಾಮಾನ್ಯವಾಗಿ ಗೆಲ್ಲುತ್ತದೆ. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಈ ಭಾರ ಇನ್ನೂ ಒಂದು ಮಡಿ ಹೆಚ್ಚು. ತರಗತಿಯ ಭಾಷೆ ಕನ್ನಡ. ಕಚೇರಿಯ ಭಾಷೆ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಆಗಿರುತ್ತದೆ. ಕೇರಳದ ‘ಸಂಪೂರ್ಣ’, ತಮಿಳುನಾಡಿನ ‘ಎಮಿಸ್’, ಮಹಾರಾಷ್ಟ್ರದ ‘ಸರಲ್’, ಇವುಗಳ ಜೊತೆಗೆ ಕೇಂದ್ರದ ‘ಯು-ಡೈಸ್ ಪ್ಲಸ್’ ಹೀಗೆ ಒಂದೇ ಮಗುವಿನ ವಿವರವನ್ನು ಹಲವು ಕಡೆ, ಹಲವು ಲಿಪಿಗಳಲ್ಲಿ ತುಂಬಬೇಕು.

ಮತ್ತೆ ಮತ್ತೆ ಬರೆಯುವ ಶ್ರಮವನ್ನು ಯಂತ್ರಕ್ಕೆ ವಹಿಸುವ ಆಲೋಚನೆ ಹುಟ್ಟಿದ್ದು ತರಗತಿಯೊಂದರ ಕಪ್ಪುಹಲಗೆಯ ಮುಂದೆಯೇ ಎಂಬುದು ಶಿಕ್ಷಕರಿಗೆ ಸ್ವಾರಸ್ಯವೆನಿಸಬಹುದು. 1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಅವರು, ಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಸಂಖ್ಯೆ ಬದಲಾದರೆ ಅದನ್ನು ಅವಲಂಬಿಸಿದ ಎಲ್ಲ ಸಂಖ್ಯೆಗಳನ್ನೂ ಅಳಿಸಿ ಬರೆಯಬೇಕಾಗುವುದನ್ನು ಗಮನಿಸಿದರು. ತಾನಾಗಿಯೇ ತಿದ್ದಿಕೊಳ್ಳುವ ಹಲಗೆ ಇದ್ದರೆ ಹೇಗೆ ಎಂಬ ಅವರ ಯೋಚನೆ, ಬಾಬ್ ಫ್ರಾಂಕ್‌ಸ್ಟನ್ ಅವರ ಜೊತೆಗೂಡಿ, 1979ರಲ್ಲಿ ‘ವಿಸಿಕ್ಯಾಲ್ಕ್’ ಎಂಬ ತಂತ್ರಾಂಶವಾಯಿತು. ಇಂದು ನಾವು ಬಳಸುವ ಎಕ್ಸೆಲ್, ಲಿಬ್ರೆ ಆಫೀಸ್ ಕ್ಯಾಲ್ಕ್ ಮೊದಲಾದ ಕೋಷ್ಟಕ ತಂತ್ರಾಂಶಗಳೆಲ್ಲ ಅದರ ಪರಂಪರೆಯವು.

ಆದರೆ ಯಾವ ಕೆಲಸವನ್ನು ಕೋಷ್ಟಕಕ್ಕೆ ಒಪ್ಪಿಸುವುದು ಲಾಭಕರ? ಒಂದು ಲೆಕ್ಕ ಹಾಕಿ ನೋಡೋಣ. ತರಗತಿಯಲ್ಲಿ 35 ಮಕ್ಕಳು, 6 ವಿಷಯಗಳು ಎಂದರೆ ಒಂದು ಪರೀಕ್ಷೆಗೆ 210 ಅಂಕಗಳು. ಅವನ್ನು ತರಗತಿಯ ವಹಿ, ಪ್ರಗತಿಪತ್ರ, ಕಚೇರಿಯ ತಃಖ್ತೆ ಈ ಮೂರು ಕಡೆ ಬರೆದರೆ 630 ಸಲ ಲೇಖನಿ ಓಡಬೇಕು. ಒಮ್ಮೆ ಮಾತ್ರ ತುಂಬಿ ಉಳಿದ 420ನ್ನು ಯಂತ್ರಕ್ಕೆ ಬಿಟ್ಟರೆ, ಒಂದಕ್ಕೆ 5 ಸೆಕೆಂಡಿನಂತೆ 35 ನಿಮಿಷ ಉಳಿಯುತ್ತದೆ. ವರ್ಷಕ್ಕೆ ನಾಲ್ಕು ಪರೀಕ್ಷೆಯಾದರೆ 140 ನಿಮಿಷ. ಕೋಷ್ಟಕವನ್ನು ಸಿದ್ಧಪಡಿಸಲು ಎರಡು ಗಂಟೆ ಹಿಡಿದರೆ ಮೊದಲ ವರ್ಷ ಹೆಚ್ಚಿನ ಲಾಭವಿಲ್ಲ. ಎರಡನೆಯ ವರ್ಷದಿಂದ ಅದು ಪೂರ್ತಿ ನಮ್ಮದು. ನಕಲಿನಲ್ಲಿ ನುಸುಳುವ ತಪ್ಪುಗಳು ತಪ್ಪುವುದು ಬೇರೆ. ವರ್ಷಕ್ಕೊಮ್ಮೆ ಬರುವ, ಹತ್ತು ಹನ್ನೆರಡು ಅಂಕಣಗಳ ನಮೂನೆಗೆ ಮಾತ್ರ ಇಷ್ಟೆಲ್ಲ ಸಿದ್ಧತೆ ಬೇಕಿಲ್ಲ; ಕೈಬರಹವೇ ಬೇಗ ಮುಗಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೋಷ್ಟಕ ಕಟ್ಟುವ ಕೆಲಸವೇ ಹೊಸತಾಗಿರುವುದರಿಂದ ಅದರ ಹುರುಪೂ ನಮ್ಮನ್ನು ಎಳೆದೊಯ್ಯಬಲ್ಲದು. ಬಣ್ಣ ಬಣ್ಣದ ನಕ್ಷೆ, ತಾನೇ ಶೀರ್ಷಿಕೆ ಬರೆದುಕೊಳ್ಳುವ ಪುಟ ಎಂದು ವಾರಗಟ್ಟಲೆ ಅದರಲ್ಲೇ ತೊಡಗಿದರೆ ಉಳಿಸಬೇಕಾಗಿದ್ದ ಸಮಯವೇ ಅದಕ್ಕೆ ವೆಚ್ಚವಾಗುತ್ತದೆ.

ನಮ್ಮ ಶಾಲೆಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದುದು ಹೆಸರುಗಳ ಪಟ್ಟಿ. ಪ್ರತಿ ಮಗುವಿಗೆ ಒಂದು ಸಾಲು. ಅದರಲ್ಲಿ ಕನ್ನಡ, ರಾಜ್ಯಭಾಷೆ, ಇಂಗ್ಲಿಷ್ ಈ ಮೂರರಲ್ಲೂ ಹೆಸರು. ಇದನ್ನು ದಾಖಲಾತಿ ವಹಿಯೊಡನೆ ತಾಳೆ ನೋಡಿ, ಪೋಷಕರಿಗೆ ಓದಿ ಹೇಳಿ, ಒಮ್ಮೆ ಖಚಿತಪಡಿಸಿಕೊಂಡ ಮೇಲೆ ಎಲ್ಲ ಪತ್ರಗಳಿಗೂ ಇಲ್ಲಿಂದಲೇ ಹೆಸರು ಹೋಗಬೇಕು. ವರ್ಗಾವಣೆ ಪತ್ರದಲ್ಲಿ ಒಂದು ರೂಪ, ಅಂಕಪಟ್ಟಿಯಲ್ಲಿ ಮತ್ತೊಂದು ರೂಪ ಇದ್ದರೆ ಮುಂದೆ ಅಲೆಯಬೇಕಾದವರು ಆ ಮಗು ಮತ್ತು ಅದರ ತಂದೆತಾಯಿ.

ಲಿಪಿ ಬದಲಿಸುವ ಕೆಲಸವನ್ನು ಯಂತ್ರಕ್ಕೆ ಪೂರ್ತಿ ಬಿಟ್ಟುಕೊಡುವಂತಿಲ್ಲ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ, ಭಗಳಿಗೂ ಹಾಗೆಯೇ. ತಮಿಳು ಪಟ್ಟಿಯಲ್ಲಿರುವ ‘ಗೌಡ’ ಯಂತ್ರದ ಮೂಲಕ ಕನ್ನಡಕ್ಕೆ ಮರಳುವಾಗ ‘ಕೌಡ’ ಆಗಬಹುದು, ‘ಭೀಮಪ್ಪ’ ‘ಪೀಮಪ್ಪ’ ಆಗಬಹುದು. ಮರಾಠಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳ ಭೇದವನ್ನು ಬರವಣಿಗೆಯಲ್ಲಿ ತೋರಿಸುವುದಿಲ್ಲವಾದ್ದರಿಂದ ‘ಹೊನ್ನಪ್ಪ’ ‘ಹೋನ್ನಪ್ಪ’ನಾಗಿ ಹಿಂದಿರುಗುತ್ತಾನೆ. ಮೂಲ ಹೆಸರು ಯಾವುದೆಂದು ಬಲ್ಲವರು ಶಿಕ್ಷಕರು ಮತ್ತು ಮನೆಯವರು ಮಾತ್ರ.

ಪಟ್ಟಿಯನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚು ಮಾಡಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಉಳಿಯುವುದು ರೋಮನ್ ಸಂಕೇತಗಳೇ. ಹಾಗಾಗಿ ಆ ಫಾಂಟು ಇಲ್ಲದ ಗಣಕದಲ್ಲಿ ಹೆಸರು ಓದಲಾಗದು, ಅಕಾರಾದಿಯಾಗಿ ಜೋಡಿಸಲೂ ಬಾರದು.

ಯಂತ್ರಕ್ಕೆ ಕೊಟ್ಟ ಕೆಲಸದ ಮೇಲೆ ಕಣ್ಣಿಡುವುದು ಕೂಡ ಕೆಲಸವೇ. ಕಾರ್ಖಾನೆಗಳ ಸ್ವಯಂಚಾಲನೆಯನ್ನು ಕುರಿತು ಮನೋವಿಜ್ಞಾನಿ ಲಿಸಾನ್ ಬೇನ್‌ಬ್ರಿಜ್ ಅವರು 1983ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರ ಸಾರ ಹೀಗಿದೆ: ಯಂತ್ರವು ಸುಲಭದ ಭಾಗವನ್ನು ತಾನು ತೆಗೆದುಕೊಂಡು ಕಠಿಣವಾದುದನ್ನು ಮನುಷ್ಯನಿಗೆ ಬಿಡುತ್ತದೆ, ಅಭ್ಯಾಸ ತಪ್ಪಿದ ಮನುಷ್ಯನು ಅದನ್ನು ಎದುರಿಸಲು ಮೊದಲಿಗಿಂತ ಕಡಿಮೆ ಸಮರ್ಥನಾಗಿರುತ್ತಾನೆ. ಈ ಮಾತು ನಮಗೂ ಸಲ್ಲುತ್ತದೆ. 20 ಅಂಕಗಳ ಅಂಕಣದಲ್ಲಿ 25 ಎಂದು ಬಿದ್ದರೂ ಯಂತ್ರ ಶಾಂತವಾಗಿ ಕೂಡಿಬಿಡುತ್ತದೆ. ಆದ್ದರಿಂದ ಅಂಕಣಕ್ಕೆ ಗರಿಷ್ಠ ಮಿತಿ ವಿಧಿಸಿಡಬೇಕು. ಪ್ರತಿ ಪರೀಕ್ಷೆಯಲ್ಲೂ ನಾಲ್ಕೈದು ಮಕ್ಕಳ ಮೊತ್ತವನ್ನು ಕೈಯಿಂದ ಕೂಡಿ ನೋಡಬೇಕು.

ಪುನರಾವರ್ತನೆ ಎಂದ ಮಾತ್ರಕ್ಕೆ ಎಲ್ಲವೂ ಬೇಸರದ್ದಲ್ಲ, ಎಲ್ಲವನ್ನೂ ಕಳಚಿಕೊಳ್ಳಬೇಕಾದುದೂ ಅಲ್ಲ. ಹಾಜರಿಯ ತಿಂಗಳ ಮೊತ್ತವನ್ನು ಯಂತ್ರ ಕೂಡಲಿ. ಬೆಳಿಗ್ಗೆ ಹೆಸರು ಕೂಗುವುದು ಶಿಕ್ಷಕರದೇ. ಮೂರು ದಿನದಿಂದ ‘ಬಂದಿದ್ದೇನೆ’ ಎಂಬ ದನಿ ಕುಗ್ಗಿರುವುದು ಆಗ ಮಾತ್ರ ಕೇಳಿಸುತ್ತದೆ. ಉಕ್ತಲೇಖನದ ಪುಸ್ತಕಗಳನ್ನು ತಿದ್ದುವುದಂತೂ ಹೊಸ ಪಾಠಗಳು ಹುಟ್ಟುವ ಜಾಗ. ಎರಡು ಲಿಪಿಗಳನ್ನು ಜೊತೆಜೊತೆಗೆ ಕಲಿಯುವ ಮಗು ‘ಗುರಿ’ಯನ್ನು ‘ಕುರಿ’ ಎಂದೋ ‘ಬೆಳೆ’ಯನ್ನು ‘ಬೇಳೆ’ ಎಂದೋ ಬರೆದರೆ ಅದು ಅಲಕ್ಷ್ಯವೇ ಆಗಿರಬೇಕೆಂದಿಲ್ಲ. ನೆರೆಯ ಲಿಪಿಯ ನೆರಳು ಬಿದ್ದಿರಬಹುದು. ಇಂಥ ತಪ್ಪುಗಳನ್ನು ಕೆಂಪು ಗೆರೆ ಎಳೆದು ಮರೆಯದೆ, ಪುಸ್ತಕದ ಕೊನೆಯ ಪುಟದಲ್ಲಿ ಗುರುತಿಟ್ಟುಕೊಂಡರೆ ವಾರದೊಳಗೆ ಹತ್ತಿಪ್ಪತ್ತು ಪದಗಳಾಗುತ್ತವೆ. ಕುರಿ-ಗುರಿ, ಕಾಳಿ-ಗಾಳಿ, ಕೊಡು-ಕೋಡು, ಬೆಳೆ-ಬೇಳೆ ಎಂದು ಜೋಡಿ ಮಾಡಿ, ಪ್ರತಿ ಜೋಡಿಗೂ ಚಿತ್ರ ಬರೆಯಿಸಿ, ಒಂದು ಮಗು ಪದ ಹೇಳಿದಾಗ ಇನ್ನೊಂದು ಮಗು ಚಿತ್ರವನ್ನು ಎತ್ತಿ ತೋರಿಸುವ ಆಟವನ್ನು ಶನಿವಾರದ ಕೊನೆಯ ಅವಧಿಯಲ್ಲಿ ಆಡಿಸಬಹುದು. ಅಂಕಪಟ್ಟಿಯಿಂದ ಉಳಿದ 35 ನಿಮಿಷ ಈ ಚಿತ್ರಪಟ್ಟಿಗಳನ್ನು ಕತ್ತರಿಸಿ ಅಂಟಿಸಲು ಸಾಕು.