ಜಹೀರಾಬಾದಿನ ಧಾನ್ಯನಿಧಿ

ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವುದು ಶರಣರು ತೋರಿದ ದಾರಿ. ಹಸಿದವನಿಗಿಕ್ಕುವ ಅನ್ನವು ದುಡಿಮೆಯಿಂದ ಹುಟ್ಟಬೇಕೆಂಬುದೇ ಅದರ ತಿರುಳು. ಈ ತತ್ತ್ವಕ್ಕೆ ಸಾಕ್ಷಿಯಂತಿರುವ ಪ್ರಯೋಗವೊಂದು ಬೀದರಿನ ನೆರೆಯ, ಇಂದು ತೆಲಂಗಾಣಕ್ಕೆ ಸೇರಿದ ಜಹೀರಾಬಾದ್ ಸೀಮೆಯಲ್ಲಿ ನಡೆದಿದೆ.

ಮೈಸೂರಿನಲ್ಲಿ ಜನಿಸಿದ ಪಿ. ವಿ. ಸತೀಶರು ಗೆಳೆಯರೊಡನೆ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಸ್ಥಾಪಿಸಿದರು. ಆ ಒಣಸೀಮೆಯ ಬಡ ದಲಿತ ಸ್ತ್ರೀಯರು ಗ್ರಾಮಗ್ರಾಮಗಳಲ್ಲಿ ಸಂಘ ಕಟ್ಟಿಕೊಂಡರು. ಅಗ್ಗದ ಪಡಿತರ ಅಕ್ಕಿಯು ಹಸಿವನ್ನು ತಗ್ಗಿಸಿತ್ತಾದರೂ ಜೋಳ, ನವಣೆ, ಸಜ್ಜೆಗಳು ಊಟದಿಂದ ಮರೆಯಾಗುತ್ತಿದ್ದುವು, ಹೊಲಗಳು ಬೀಳುಬಿದ್ದಿದ್ದುವು.

1990ರ ದಶಕದ ಮಧ್ಯದಲ್ಲಿ ಸಂಘಗಳು ಬೇರೊಂದು ಬಗೆಯ ಪಡಿತರವನ್ನು ಆರಂಭಿಸಿದುವು. ಬೀಳು ಹೊಲವುಳ್ಳ ಬಡ ರೈತರಿಗೆ ಉಳುಮೆ, ಗೊಬ್ಬರ, ಬಿತ್ತನೆಗಳಿಗಾಗಿ ಸಾಲ ದೊರೆಯಿತು. ಅದನ್ನವರು ಜೋಳದ ರೂಪದಲ್ಲಿಯೇ ಕಂತುಕಂತಾಗಿ ತೀರಿಸಿದರು. ಹಾಗೆ ಕೂಡಿದ ಕಾಳು ಊರಿನಲ್ಲಿಯೇ ಸಂಗ್ರಹವಾಯಿತು. ಕಡುಬಡವರಾರೆಂಬುದನ್ನು ಊರವರೇ ಸಭೆ ಸೇರಿ ನಿರ್ಣಯಿಸಿದರು. ಅಭಾವದ ತಿಂಗಳುಗಳಲ್ಲಿ ಅವರಿಗೆ ಪೇಟೆಗಿಂತ ಕಡಿಮೆ ಬೆಲೆಗೆ ಕಾಳು ಸಂದಿತು. ಹೆಚ್ಚು ಬಡವರಿಗೆ ಹೆಚ್ಚು ಪಾಲು. ಮಾರಾಟದ ಹಣವು ಮತ್ತೆ ಸಮುದಾಯದ ನಿಧಿಗೆ ಸೇರಿತು.

ಒಂದೇ ಬೆಳೆಯಿಂದ ಉಣ್ಣುವವರಿಗೆ ರೊಟ್ಟಿ, ದುಡಿಯುವವರಿಗೆ ಕೂಲಿ, ದನಗಳಿಗೆ ಮೇವು ದೊರೆತುವು. 2019ರಲ್ಲಿ ಈ ಸ್ತ್ರೀಯರ ಸಂಘಗಳ ಕಾರ್ಯಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯು ಸಂದಿತು. ಸತೀಶರು 2023ರಲ್ಲಿ ನಿಧನರಾದರು.

ಸಾಲುಗಟ್ಟಿ ನಿಂತು ಪಡಿ ಬೇಡುತ್ತಿದ್ದ ಕೈಗಳೇ ಅಳೆದು ನೀಡುವ ಕೈಗಳಾದುವು. ದಾಸೋಹದ ಒಲೆಯು ಆರದೆ ಉರಿಯಬೇಕಾದರೆ ಊರ ಹೊಲವೂ ಹಸಿರಾಗಿರಬೇಕೆಂಬ ಪಾಠವನ್ನು ವಿದ್ಯಾರ್ಥಿಗಳು ಇದರಿಂದ ಗ್ರಹಿಸಬೇಕು.