ಇಂಗ್ಲಿಷಿನ ವಿಶೇಷಣವೂ ಕೇಶ್ವಾಪುರದ ‘ಚಲೋ’ ಎಂಬ ಶಬ್ದವೂ

ಇಂಗ್ಲಿಷ್ ವ್ಯಾಕರಣದಲ್ಲಿ ‘ಅಡ್ಜೆಕ್ಟಿವ್’ ಎನಿಸಿಕೊಳ್ಳುವ ಪದವರ್ಗಕ್ಕೆ ಕನ್ನಡ ಶಾಲೆಗಳಲ್ಲಿ ವಿಶೇಷಣವೆಂದೂ ಗುಣವಾಚಕವೆಂದೂ ಹೆಸರು ನಡೆದುಬಂದಿದೆ. ನಾಮಪದದ ಗುಣವನ್ನು ತಿಳಿಸುವ ಪದವೇ ವಿಶೇಷಣವೆಂಬ ಲಕ್ಷಣವನ್ನು ಮಕ್ಕಳು ಬಾಯಿಪಾಠ ಮಾಡುವರು. ಇದು ನೋಡುವುದಕ್ಕೆ ಸುಲಭವಾಗಿದ್ದರೂ ಪರೀಕ್ಷೆಗೆ ನಿಲ್ಲತಕ್ಕುದಲ್ಲ. ಬಿಳುಪೆಂಬುದು ಗುಣವೇ, ಆದರೂ ‘ಹಾಲಿನ ಬಿಳುಪು’ ಎಂಬಲ್ಲಿ ಅದು ಶುದ್ಧ ನಾಮಪದ. ಪದದ ವರ್ಗವನ್ನು ನಿರ್ಣಯಿಸತಕ್ಕುದು ಅದರ ಅರ್ಥವಲ್ಲ. ವಾಕ್ಯದಲ್ಲಿ ಅದು ಮಾಡುವ ಕೆಲಸ ಮತ್ತು ಅದು ತಾಳುವ ರೂಪ.

ಇಂಗ್ಲಿಷಿನ ವಿಶೇಷಣಕ್ಕೆ ಮುಖ್ಯವಾಗಿ ಎರಡು ನೆಲೆಗಳುಂಟು. ‘ಎ ಗುಡ್ ಬಾಯ್’ ಎಂಬಲ್ಲಿ ಅದು ನಾಮಪದದ ಹಿಂದೆ ಬರುವುದು. ‘ದ ಬಾಯ್ ಈಸ್ ಗುಡ್’ ಎಂಬಲ್ಲಿ ಆಖ್ಯಾತದ ಭಾಗವಾಗುವುದು. ಎರಡೆಡೆಗಳಲ್ಲಿಯೂ ‘ಗುಡ್’ ಎಂಬ ರೂಪಕ್ಕೆ ವಿಕಾರವಿಲ್ಲ. ಹುಡುಗನಿಗೆ ಬದಲಾಗಿ ಹುಡುಗಿ ಬಂದರೂ, ಒಬ್ಬನಿಗೆ ಬದಲಾಗಿ ಹಲವರು ಬಂದರೂ ಅದು ಹಾಗೆಯೇ ನಿಲ್ಲುವುದು. ಪ್ರಾಚೀನ ಇಂಗ್ಲಿಷಿನಲ್ಲಿ ವಿಶೇಷಣವು ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತಿದ್ದಿತು. ಆ ಪ್ರತ್ಯಯಗಳು ಕಾಲಕ್ರಮದಲ್ಲಿ ಸವೆದುಹೋದುವು. ಎಲ್ಲ ವಿಶೇಷಣಗಳಿಗೂ ಎರಡು ನೆಲೆಗಳು ದೊರೆಯುವುದಿಲ್ಲವೆಂಬುದನ್ನೂ ಗಮನಿಸಬೇಕು. ‘ದ ಬಾಯ್ ಈಸ್ ಅಸ್ಲೀಪ್’ ಎನ್ನಬಹುದೇ ಹೊರತು ‘ಎನ್ ಅಸ್ಲೀಪ್ ಬಾಯ್’ ಎನ್ನಲಾಗದು. ಇದಕ್ಕೆ ಕಾರಣವಿದೆ. ‘ಅಸ್ಲೀಪ್’ ಎಂಬುದು ಮೂಲದಲ್ಲಿ ‘ಆನ್ ಸ್ಲೀಪ್’, ಎಂದರೆ ‘ನಿದ್ದೆಯಲ್ಲಿ’, ಎಂಬ ಪದಪುಂಜ. ‘ಹುಡುಗ ನಿದ್ದೆಯಲ್ಲಿದ್ದಾನೆ’ ಎಂದು ಕನ್ನಡಿಗನು ಹೇಳುವಾಗ ಇದೇ ಕಟ್ಟಡವು ಮರೆಯಿಲ್ಲದೆ ಕಾಣುವುದು.

ವಿಶೇಷಣವು ಸ್ವತಂತ್ರವಾದ ಪದವರ್ಗವೆಂಬ ಎಣಿಕೆಯೂ ಇಂಗ್ಲಿಷಿನಲ್ಲಿ ಬಹು ಹಳೆಯದಲ್ಲ. ಲ್ಯಾಟಿನ್ ಪದ್ಧತಿಯನ್ನು ಅನುಸರಿಸಿ ಅಲ್ಲಿಯ ಹಿಂದಿನ ವೈಯಾಕರಣರು ಅದನ್ನು ‘ನೌನ್ ಅಡ್ಜೆಕ್ಟಿವ್’ ಎಂದು ಕರೆದು ನಾಮಪದದ ಒಂದು ಬಗೆಯಾಗಿಯೇ ಎಣಿಸುತ್ತಿದ್ದರು. 1795ರಲ್ಲಿ ಪ್ರಕಟವಾದ ಲಿಂಡ್ಲೆ ಮರ‍್ರೆಯ ವ್ಯಾಕರಣದಲ್ಲಿ ಅದು ಒಂಬತ್ತು ಪದವರ್ಗಗಳ ಸಾಲಿನಲ್ಲಿ ಬೇರೆಯಾಗಿ ಕುಳಿತಿದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಗುಣವಚನವನ್ನು ನಾಮದ ಪರಿವಾರದಲ್ಲಿಯೇ ಇರಿಸಿದುದನ್ನು ಕೊರತೆಯೆಂದು ಎಣಿಸುವವರು ಇದನ್ನು ನೆನೆಯುವುದು ಒಳ್ಳೆಯದು. ‘ಹೆಮ್ಮರ’ವನ್ನು ‘ಹಿರಿದು + ಮರ’ ಎಂದು ಬಿಡಿಸುವ ಸಂಪ್ರದಾಯದಲ್ಲಿಯೂ ಇದೇ ದೃಷ್ಟಿಯಿದೆ; ‘ಹಿರಿದು’ ತಾನೇ ಒಂದು ನಪುಂಸಕ ನಾಮರೂಪ.

ಕನ್ನಡದ ನಡೆ ಎಂತಹದು? ‘ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಹಣ್ಣು’ ಎಂಬಲ್ಲಿ ವಿಶೇಷಣವು ಇಂಗ್ಲಿಷಿನಂತೆ ನಿರ್ವಿಕಾರ. ಸಂಸ್ಕೃತದಲ್ಲಾದರೆ ಉತ್ತಮಃ, ಉತ್ತಮಾ, ಉತ್ತಮಮ್ ಎಂದು ಮೂರು ರೂಪಗಳು ಬೇಕು. ಆದರೆ ಆಖ್ಯಾತದ ನೆಲೆಗೆ ಬಂದೊಡನೆ ಕನ್ನಡವು ಇಂಗ್ಲಿಷಿನ ಜೊತೆಯನ್ನು ಬಿಡುವುದು: ‘ಹುಡುಗ ಒಳ್ಳೆಯವನು, ಹುಡುಗಿ ಒಳ್ಳೆಯವಳು, ಹಣ್ಣು ಒಳ್ಳೆಯದು.’ ಇಲ್ಲಿ ವಿಶೇಷಣಕ್ಕೆ ಸರ್ವನಾಮವು ಹತ್ತಿಕೊಂಡು ಪದವು ನಾಮವೇ ಆಗಿಹೋಗಿದೆ. ಈ ಬೆಸುಗೆಯು ಧಾರವಾಡ ಸೀಮೆಯ ಆಡುಮಾತಿನಲ್ಲಿ ಇನ್ನೂ ಸ್ಪಷ್ಟ. ಅಲ್ಲಿಯ ಸರ್ವನಾಮಗಳು ‘ಅಂವ’, ‘ಅಕಿ’; ಅದಕ್ಕೆ ತಕ್ಕಂತೆ ‘ದೊಡ್ಡಾಂವ’, ‘ದೊಡ್ಡಾಕಿ’. ಸರ್ವನಾಮವು ಬದಲಾದಂತೆ ವಿಶೇಷಣದ ಬಾಲವೂ ಬದಲಾಗುವುದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಅದೇ ಸೀಮೆಯಲ್ಲಿ ಈ ನಿಯಮಕ್ಕೆ ಒಳಪಡದ ಶಬ್ದವೊಂದಿದೆ. ಹುಬ್ಬಳ್ಳಿಯ ಕೇಶ್ವಾಪುರದ ಮನೆಗಳಲ್ಲಿ ‘ಚಲೋ ಹುಡುಗ’ ಎನ್ನುವರು. ‘ಹುಡುಗ ಚಲೋ ಅದಾನ, ಹುಡುಗಿ ಚಲೋ ಅದಾಳ, ಊಟ ಚಲೋ ಐತಿ’ ಎಂದೂ ಅನ್ನುವರು. ಲಿಂಗವಚನಗಳ ಹೊರೆಯನ್ನೆಲ್ಲ ಕ್ರಿಯಾಪದವು ಹೊತ್ತುಕೊಂಡಿದೆ. ‘ಚಲೋ’ ಎಂಬುದು ‘ಗುಡ್’ ಎಂಬುದರಂತೆ ಎರಡು ನೆಲೆಗಳಲ್ಲಿಯೂ ಅಚಲ. ‘ಊಟ ಚೆನ್ನಾಗಿದೆ’ ಎಂಬಂತೆ ಇದೂ ಕ್ರಿಯಾವಿಶೇಷಣವಲ್ಲವೇ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಹುರುಳಿಲ್ಲದುದಲ್ಲ, ‘ಅಕಿ ಚಲೋ ಹಾಡತಾಳ’ ಎಂಬ ಪ್ರಯೋಗವೂ ಇದೆ. ಆದರೆ ‘ಚೆನ್ನಾಗಿ ಹುಡುಗ’ ಎಂದು ಯಾರೂ ಹೇಳರು, ‘ಚಲೋ ಹುಡುಗ’ ಎಂದು ಎಲ್ಲರೂ ಹೇಳುವರು. ಆದುದರಿಂದ ‘ಚಲೋ’ ಎಂಬುದು ‘ಗುಡ್’, ‘ವೆಲ್’ ಎರಡರ ಕೆಲಸವನ್ನೂ ಒಂದೇ ರೂಪದಲ್ಲಿ ಮಾಡುತ್ತದೆಂದು ಹೇಳುವುದೇ ಯುಕ್ತ. ಡಿ. ಎನ್. ಶಂಕರ ಭಟ್ಟರು ವಿಶೇಷಣವರ್ಗವನ್ನೇ ಕುರಿತು 1994ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥವು ಈ ವರ್ಗವು ಭಾಷೆಯಿಂದ ಭಾಷೆಗೆ ಹೇಗೆ ಬೇರೆಯಾಗುವುದೆಂಬುದನ್ನು ವಿಚಾರಿಸುತ್ತದೆ. ಒಂದೇ ಭಾಷೆಯೊಳಗಿನ ಇಂತಹ ಭೇದಗಳೂ ವಿಚಾರಕ್ಕೆ ಅರ್ಹವಾದುವು.

ತಾರತಮ್ಯದ ವಿಷಯ ಸ್ವಲ್ಪ. ಇಂಗ್ಲಿಷಿನಲ್ಲಿ ‘ಬಿಗ್, ಬಿಗರ್, ಬಿಗೆಸ್ಟ್’ ಎಂದು ವಿಶೇಷಣವೇ ಬೆಳೆಯುವುದು. ‘ಧಾರವಾಡಕ್ಕಿಂತ ಹುಬ್ಬಳ್ಳಿ ದೊಡ್ಡದು’ ಎಂಬಲ್ಲಿ ವಿಶೇಷಣವು ಬೆಳೆದಿಲ್ಲ. ಹೋಲಿಕೆಯ ಭಾರವೆಲ್ಲ ‘ಧಾರವಾಡಕ್ಕಿಂತ’ ಎಂಬ ಪದದ ಮೇಲಿದೆ.

‘ಅವಳು ಒಳ್ಳೆಯವಳು’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಲಕನೊಬ್ಬನು ‘ಶೀ ಈಸ್ ಎ ಗುಡ್’ ಎಂದು ಬರೆದನೆನ್ನೋಣ. ಅದನ್ನು ಅಜಾಗರೂಕತೆಯೆಂದು ಹೊಡೆದುಹಾಕುವುದು ಸುಲಭ. ಅವನು ತನ್ನ ಭಾಷೆಯಲ್ಲಿ ನಾಮವಾಗಿರುವುದನ್ನು ಇಂಗ್ಲಿಷಿನಲ್ಲಿಯೂ ನಾಮವೆಂದೇ ಬಗೆದು, ನಾಮಕ್ಕೆ ಸಲ್ಲುವ ‘ಎ’ಕಾರವನ್ನು ಹಚ್ಚಿದ್ದಾನೆ. ಅಂಥವನಿಗೆ ‘ಒಳ್ಳೆಯವಳು’ ಎಂಬುದರಿಂದ ಪಾಠವನ್ನು ಆರಂಭಿಸದೆ ‘ಅಕಿ ಚಲೋ ಅದಾಳ’ ಎಂಬ ಅವನ ಮನೆಯ ಮಾತಿನಿಂದಲೇ ಆರಂಭಿಸಿದರೆ, ‘ಶೀ ಈಸ್ ಗುಡ್’ ಎಂಬುದಕ್ಕೆ ಬೇಕಾದ ಪದಗಳೆಲ್ಲ ಒಂದಕ್ಕೊಂದು ಸರಿಯಾಗಿ ದೊರೆಯುವುವು, ಕ್ರಮವೊಂದನ್ನೇ ಬದಲಿಸಬೇಕಾಗುವುದು.