ಆರ್ಕಿಮಿಡೀಸನ ಊರಿನಲ್ಲಿ ಅವನ ಗೋರಿ ಎಲ್ಲಿ?

ಸ್ನಾನದ ತೊಟ್ಟಿಗಿಳಿದವನೊಬ್ಬ ನೀರು ಉಕ್ಕಿ ಹೊರಚೆಲ್ಲಿದ್ದನ್ನು ಕಂಡು, ಮೈಮೇಲೆ ಬಟ್ಟೆಯಿಲ್ಲವೆಂಬುದನ್ನೂ ಮರೆತು ‘ಯುರೇಕಾ, ಯುರೇಕಾ’ ಎಂದು ಕೂಗುತ್ತಾ ಬೀದಿಯಲ್ಲಿ ಓಡಿದ ಕತೆಯನ್ನು ಕೇಳದ ಹೈಸ್ಕೂಲು ಹುಡುಗರಿಲ್ಲ. ಆದರೆ ಆ ಬೀದಿ ಯಾವ ಊರಿನದು ಎಂದು ಮೇಷ್ಟರನ್ನು ಕೇಳಿದವರು ಕಡಿಮೆ. ಆ ಊರು ಇಂದಿಗೂ ಇದೆ. ಹೆಸರು ಸಿರಕ್ಯೂಸ್. ಇಟಲಿಯ ಕಾಲ್ಬೆರಳ ತುದಿಗೆ ಚೆಂಡಿನಂತೆ ಬಿದ್ದಿರುವ ಸಿಸಿಲಿ ದ್ವೀಪದ ಪೂರ್ವ ಕರಾವಳಿಯಲ್ಲಿ, ಲಕ್ಷಕ್ಕೆ ಸ್ವಲ್ಪ ಮೇಲ್ಪಟ್ಟ ಜನ ಬದುಕುತ್ತಿರುವ, ಮೀನು, ನಿಂಬೆ, ಬಾದಾಮಿಗಳ ಊರು. 2005ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿಯೂ ಇದೆ.

ಊರಿನ ಹಳೆಯ ಭಾಗದ ನಟ್ಟನಡುವೆ ಆರ್ಕಿಮಿಡೀಸ್ ಚೌಕವಿದೆ. ಮಧ್ಯದಲ್ಲಿ ಭಾರಿ ಕಾರಂಜಿ. ಇನ್ನೇನು, ಆ ಮಹಾನುಭಾವನ ವಿಗ್ರಹ ಅಲ್ಲಿರಲೇಬೇಕು ಎಂದು ಹತ್ತಿರ ಹೋದರೆ ಕಾಣುವುದು ಬೇಟೆಯ ದೇವತೆ ಡಯಾನಾ! ಸುತ್ತ ಸಮುದ್ರದ ಕುದುರೆಗಳು, ಜಲಕನ್ಯೆಯರು. ಚೌಕಕ್ಕೆ ಹೆಸರು ವಿಜ್ಞಾನಿಯದು, ನಿಲ್ಲುವ ಜಾಗ ದೇವತೆಯದು. ಆರ್ಕಿಮಿಡೀಸನ ಕಂಚಿನ ಪ್ರತಿಮೆಯೊಂದು ಊರ ಸೇತುವೆಯ ಬಳಿ ನಿಂತದ್ದು 2016ರಲ್ಲಿ. ಅವನು ಸತ್ತು 2200 ವರ್ಷ ಕಳೆದ ಮೇಲೆ!

ಸಿರಕ್ಯೂಸಿಗೆ ಹತ್ತಿರದ ವಿಮಾನ ನಿಲ್ದಾಣ ಕಟಾನಿಯಾ, ಸುಮಾರು 60 ಕಿ.ಮೀ. ದೂರ. ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವವರು ವಿಮಾನ ಬಿಟ್ಟು ರೋಮಿನಿಂದ ರೈಲು ಹತ್ತುವುದು ಲೇಸು. ಇಡೀ ಹಗಲೋ ಇಡೀ ರಾತ್ರಿಯೋ ಹಿಡಿಯುತ್ತದೆ ನಿಜ. ಇಟಲಿಯ ನೆಲ ಮುಗಿದಲ್ಲಿ ರೈಲಿನ ಬೋಗಿಗಳನ್ನು ಬಿಡಿಸಿ, ಪ್ರಯಾಣಿಕರ ಸಮೇತ ಹಡಗಿನ ಹೊಟ್ಟೆಯೊಳಗೆ ತಳ್ಳುತ್ತಾರೆ. ಹಡಗಿನೊಳಗೂ ಹಳಿಗಳಿವೆ. ಮೆಸ್ಸಿನಾ ಜಲಸಂಧಿಯನ್ನು ದಾಟಿದ ಮೇಲೆ ಬೋಗಿಗಳು ಮತ್ತೆ ನೆಲದ ಹಳಿಗೆ. ರೈಲು ಹಡಗು ಹತ್ತುವ ಈ ನೋಟ ಜಗತ್ತಿನಲ್ಲಿ ಈಗ ಬಹಳ ಕಡೆ ಉಳಿದಿಲ್ಲ. ಇಲ್ಲಿ ಸೇತುವೆ ಕಟ್ಟುವ ಮಾತು ದಶಕಗಳಿಂದ ನಡೆದೇ ಇದೆ.

ಹಳೆಯ ಸಿರಕ್ಯೂಸ್ ಎಂದರೆ ಒರ್ತೀಜಿಯಾ. ಅರ್ಧ ದಿನದಲ್ಲಿ ನಡೆದೇ ಸುತ್ತಬಹುದಾದ ಪುಟ್ಟ ನಡುಗಡ್ಡೆ. ಸೇತುವೆ ದಾಟಿದರೆ ಸಿಸಿಲಿಯ ನೆಲ. ಕ್ರಿ.ಪೂ. 734ರ ಸುಮಾರಿಗೆ ಗ್ರೀಸಿನ ಕೊರಿಂಥ್ ನಗರದಿಂದ ಹಡಗಿನಲ್ಲಿ ಬಂದವರು ಇಲ್ಲಿ ನೆಲೆಯೂರಿದರು. ಮುನ್ನೂರು ವರ್ಷ ತುಂಬುವುದರೊಳಗೆ ಮಗಳಂಥ ಈ ಊರು ಅಥೆನ್ಸಿಗೇ ಸವಾಲು ಹಾಕುವಷ್ಟು ಬೆಳೆಯಿತು. ತತ್ವಜ್ಞಾನಿ ಪ್ಲೇಟೊ ಇಲ್ಲಿಯ ದೊರೆಗಳಿಗೆ ಬುದ್ಧಿ ಹೇಳಲು ಬಂದು ಕೈಸುಟ್ಟುಕೊಂಡ. ಕೂದಲೆಳೆಯಲ್ಲಿ ತೂಗುವ ಕತ್ತಿಯ ಕೆಳಗೆ ಊಟಕ್ಕೆ ಕುಳಿತ ಡಮೊಕ್ಲಿಸನ ಕತೆಯೂ ಇದೇ ಊರ ಅರಮನೆಯದು.

ಇಲ್ಲಿ ಮೊದಲು ನೋಡಬೇಕಾದದ್ದು ಊರ ಮುಖ್ಯ ಚರ್ಚು. ಎದುರಿನಿಂದ ನೋಡಿದರೆ ಹದಿನೆಂಟನೇ ಶತಮಾನದ ಕುಸುರಿ ಕೆಲಸದ ಬಿಳಿ ಮುಖಮಂಟಪ. ಯುರೋಪಿನಲ್ಲಿ ಇಂಥವು ಎಷ್ಟೋ ಇವೆ. ಪಕ್ಕದ ಓಣಿಗೆ ತಿರುಗಿ. ಗೋಡೆಯೊಳಗಿಂದ ಭಾರಿ ಗ್ರೀಕ್ ಕಂಬಗಳು ಸಾಲಾಗಿ ಉಬ್ಬಿ ನಿಂತಿರುವುದು ಕಾಣುತ್ತದೆ. ಕ್ರಿ.ಪೂ. 480ರಲ್ಲಿ ಕಾರ್ಥೇಜಿನವರನ್ನು ಸೋಲಿಸಿದ ನೆನಪಿಗೆ ಗೆಲಾನ್ ಎಂಬ ದೊರೆ ಕಟ್ಟಿಸಿದ ಅಥೀನಾ ದೇವತೆಯ ಗುಡಿಯ ಕಂಬಗಳಿವು. ಏಳನೇ ಶತಮಾನದಲ್ಲಿ ಕ್ರೈಸ್ತರು ಗುಡಿಯನ್ನು ಕೆಡವಲಿಲ್ಲ. ಕಂಬಗಳ ನಡುವಿನ ಸಂದುಗಳನ್ನು ಕಲ್ಲಿನಿಂದ ಮುಚ್ಚಿದರು, ಒಳಗಿನ ಗರ್ಭಗುಡಿಯ ಗೋಡೆಯಲ್ಲಿ ಕಮಾನು ಕೊರೆದರು, ಚರ್ಚು ಸಿದ್ಧವಾಯಿತು! ಕ್ರಿ.ಶ. 878ರಲ್ಲಿ ಅರಬರು ಊರನ್ನು ಗೆದ್ದ ಮೇಲೆ ಅದೇ ಮಸೀದಿ. ಹನ್ನೊಂದನೇ ಶತಮಾನದ ಕೊನೆಗೆ ನಾರ್ಮನ್ನರು ಬಂದರು, ಮತ್ತೆ ಚರ್ಚು. 1693ರ ಭೂಕಂಪದಲ್ಲಿ ಮುಂಭಾಗ ಉರುಳಿದಾಗ ಈಗಿನ ಮುಖಮಂಟಪ ಕಟ್ಟಿದರು. ಅಂದು ಕಂಬಗಳೂ ಅಲುಗಿದವು. ಕೆಲವು ಇಂದಿಗೂ ವಾಲಿಕೊಂಡೇ ನಿಂತಿವೆ. ಎರಡೂವರೆ ಸಾವಿರ ವರ್ಷ ಒಂದೇ ಸೂರಿನಡಿ ಪ್ರಾರ್ಥನೆ ನಡೆದಿದೆ, ದೇವರ ಹೆಸರು ಮಾತ್ರ ಬದಲಾಗಿದೆ. ಒಳಗೆ ಹೋಗಿ ಆ ಕಂಬಕ್ಕೆ ಕೈಯಿಟ್ಟು ನೋಡಿ. ಆರ್ಕಿಮಿಡೀಸ್ ಮಗುವಾಗಿದ್ದಾಗಲೇ ಅದು ಇನ್ನೂರು ವರ್ಷದ ಹಳೆಯ ಕಂಬ.

ಇಳಿಜಾರು ಬೀದಿಯಲ್ಲಿ ಕೆಳಗಿಳಿದರೆ ಸಮುದ್ರದಂಚಿಗೆ ಅರೆತೂಸಾ ಬುಗ್ಗೆ. ನಾಲ್ಕು ಹೆಜ್ಜೆಯಾಚೆ ಉಪ್ಪು ನೀರು ಮೊರೆಯುತ್ತಿದ್ದರೂ ಇಲ್ಲಿ ಚಿಮ್ಮುವುದು ನೆಲದೊಳಗಿನ ಸಿಹಿ ನೀರು. ಗ್ರೀಸಿನ ನದೀದೇವನೊಬ್ಬ ಬೆನ್ನಟ್ಟಿದಾಗ ಕನ್ಯೆಯೊಬ್ಬಳು ಕಡಲಡಿಯಲ್ಲಿ ನೀರಾಗಿ ಹರಿದು ಇಲ್ಲಿ ಮೇಲೆದ್ದಳೆಂದು ಕತೆ. ಕೊಳದಲ್ಲಿ ಬಾತುಕೋಳಿಗಳ ಜೊತೆ ಆಳೆತ್ತರದ ಪಪೈರಸ್ ಜೊಂಡು ಬೆಳೆದಿದೆ. ಇಂಗ್ಲಿಷಿನ ‘ಪೇಪರ್’ ಹುಟ್ಟಿದ್ದು ಈ ಗಿಡದ ಹೆಸರಿನಿಂದಲೇ. ಊರಾಚೆಯ ಚಿಯಾನೆ ಹೊಳೆಯ ದಡದಲ್ಲಿಯೂ ಇದು ತಾನಾಗಿ ಬೆಳೆಯುತ್ತದೆ. 1798ರಲ್ಲಿ ನೆಪೋಲಿಯನ್ನನ ಹಡಗುಗಳನ್ನು ಅಟ್ಟಿಸಿಕೊಂಡು ಹೊರಟಿದ್ದ ನೆಲ್ಸನ್ ಕುಡಿಯುವ ನೀರು ತುಂಬಿಕೊಂಡದ್ದು ಈ ಊರಿನಲ್ಲೇ.

ಸಸ್ಯಾಹಾರಿಗಳು ಏನು ಮಾಡಬೇಕೆಂಬ ಚಿಂತೆ ಬೇಡ. ಬದನೆಕಾಯಿಯ ಹುಳಿಸಿಹಿ ಪಲ್ಯ ‘ಕಪೊನಾಟಾ’ ಎಲ್ಲೆಲ್ಲೂ ಸಿಗುತ್ತದೆ. ಬೆಳಿಗ್ಗೆ ಬನ್ನಿನ ಜೊತೆ ಬಾದಾಮಿ ಹಾಲಿನ ಐಸು ತಿನ್ನುವ ಪದ್ಧತಿ ಮಕ್ಕಳಿಗೆ ಒಗ್ಗುವುದರಲ್ಲಿ ಸಂಶಯವೇ ಇಲ್ಲ. ಮಧ್ಯಾಹ್ನ ಮಾತ್ರ ಬಹಳಷ್ಟು ಅಂಗಡಿಗಳು ಬಾಗಿಲು ಹಾಕಿಕೊಂಡು ಮಲಗುತ್ತವೆ.

ಆ ಹೊತ್ತಿನಲ್ಲಿ ಸೇತುವೆ ದಾಟಿ ನೆಯಾಪೊಲಿಸ್ ಕಡೆ ನಡೆಯಿರಿ, ಅರ್ಧ ಗಂಟೆಯ ದಾರಿ. ಬಂಡೆಯನ್ನೇ ಕಡಿದು ಮಾಡಿದ, ಸುಮಾರು 138 ಮೀಟರ್ ಅಗಲದ ಗ್ರೀಕ್ ಬಯಲು ರಂಗಮಂದಿರ ಅಲ್ಲಿದೆ. ನಾಟಕಕಾರ ಈಸ್ಕಿಲಸ್ ಸಿರಕ್ಯೂಸಿಗೆ ಬಂದು ತನ್ನ ‘ಪರ್ಷಿಯನ್ನರು’ ನಾಟಕವನ್ನು ಆಡಿಸಿದ್ದುಂಟು. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ಕೋಟೆಗೆಂದು ಇಲ್ಲಿಯ ಕಲ್ಲುಗಳನ್ನು ಕಿತ್ತೊಯ್ದರು. ಆದರೂ 1914ರಲ್ಲಿ ಶುರುವಾದ ಪ್ರಾಚೀನ ನಾಟಕಗಳ ಉತ್ಸವ ಇಂದಿಗೂ ಬೇಸಿಗೆಯ ಮೊದಲಿಗೆ ನಡೆಯುತ್ತದೆ. ಆಗ ಮೆಟ್ಟಿಲುಗಳ ಮೇಲೆ ಮರದ ಆಸನಗಳನ್ನು ಹೊದಿಸುತ್ತಾರೆ. ಬರಿಗಲ್ಲನ್ನೇ ನೋಡಬೇಕೆನ್ನುವವರು ಬೇರೆ ತಿಂಗಳಲ್ಲಿ ಹೋಗಬೇಕು.

ರಂಗಮಂದಿರದ ಮಗ್ಗುಲಲ್ಲೇ ಕಲ್ಲುಗಣಿಗಳಿವೆ. ಈಗ ಅವು ಕಿತ್ತಳೆ, ನಿಂಬೆ ಗಿಡಗಳ ತಂಪು ತೋಟ. ಒಂದು ಮೂಲೆಯಲ್ಲಿ 23 ಮೀಟರ್ ಎತ್ತರ, 65 ಮೀಟರ್ ಆಳದ, ಕಿವಿಯಾಕಾರದ ಗುಹೆ. 1608ರಲ್ಲಿ ಇಲ್ಲಿಗೆ ಬಂದ ಚಿತ್ರಕಾರ ಕರವಾಜಿಯೊ ಇದಕ್ಕೆ ‘ಡಯೊನೀಸಿಯಸನ ಕಿವಿ’ ಎಂದು ಹೆಸರಿಟ್ಟ. ಕೈದಿಗಳ ಪಿಸುಮಾತನ್ನು ದೊರೆ ಮೇಲಿನಿಂದ ಕದ್ದು ಕೇಳುತ್ತಿದ್ದನಂತೆ. ಇರಲಾರದು, ಆದರೆ ದನಿ ಗುಂಯ್‌ಗುಡುವುದಂತೂ ನಿಜ, ಬಂದ ಪ್ರವಾಸಿಗಳಲ್ಲಿ ಯಾರಾದರೊಬ್ಬರು ಹಾಡದೆ ಬಿಡುವುದಿಲ್ಲ.

ಈ ಊರಿನ ಕಲ್ಲುಗಣಿಗಳ ನಿಜವಾದ ಕತೆ ಅಷ್ಟು ಹಗುರವಲ್ಲ. ಕ್ರಿ.ಪೂ. 415ರಲ್ಲಿ ಅಥೆನ್ಸಿನವರು ದೊಡ್ಡ ನೌಕಾಬಲದೊಂದಿಗೆ ಸಿರಕ್ಯೂಸಿನ ಮೇಲೆ ಏರಿಬಂದರು. ಎರಡು ವರ್ಷದ ಕೊನೆಗೆ ಹಡಗುಗಳನ್ನೂ ಸೈನ್ಯವನ್ನೂ ಕಳೆದುಕೊಂಡರು. ಸೆರೆಸಿಕ್ಕವರನ್ನು ಗಣಿಗಳಿಗೆ ತಳ್ಳಲಾಯಿತು. ಏಳು ಸಾವಿರಕ್ಕೆ ಕಡಿಮೆಯಿರಲಿಲ್ಲ ಎನ್ನುತ್ತಾನೆ ಅದೇ ಕಾಲದ ಇತಿಹಾಸಕಾರ ಥ್ಯೂಸಿಡಿಡೀಸ್. ಮೇಲೆ ಸೂರಿಲ್ಲ. ಹಗಲು ಬಿಸಿಲು, ರಾತ್ರಿ ಚಳಿ, ಸತ್ತವರ ಹೆಣ ಬದುಕಿದ್ದವರ ಪಕ್ಕದಲ್ಲೇ. ದಿನಕ್ಕೆ ಕಾಲು ಲೀಟರಿನಷ್ಟು ನೀರು, ಅದರ ಎರಡು ಪಟ್ಟು ಧಾನ್ಯ. ಎಂಟು ತಿಂಗಳು ಹೀಗೆ ನಡೆಯಿತು. ಪ್ಲುಟಾರ್ಕ್ ಇನ್ನೊಂದು ಮಾತು ಸೇರಿಸುತ್ತಾನೆ: ಸಿಸಿಲಿಯವರಿಗೆ ಅಥೆನ್ಸಿನ ನಾಟಕಕಾರ ಯೂರಿಪಿಡೀಸ್ ಎಂದರೆ ಪ್ರಾಣ. ಅವನ ಪದ್ಯಗಳನ್ನು ಬಾಯಿಪಾಠ ಹೇಳಬಲ್ಲ ಕೆಲವು ಸೆರೆಯಾಳುಗಳಿಗೆ ಬಿಡುಗಡೆ ಸಿಕ್ಕಿತಂತೆ. ಅವರು ಊರಿಗೆ ಮರಳಿ ನಾಟಕಕಾರನ ಮನೆಗೇ ಹೋಗಿ ಕೈಮುಗಿದರಂತೆ. ಬಾಯಿಪಾಠ ಮಾಡಲು ಬೇಸರಪಡುವ ಮಕ್ಕಳಿಗೆ ಹೇಳಬಹುದಾದ ಕತೆ. ಉಳಿದ ಸಾವಿರಾರು ಮಂದಿಯ ಗತಿಯನ್ನೂ ಜೊತೆಗೆ ಹೇಳಬೇಕು.

ಇನ್ನು ಆರ್ಕಿಮಿಡೀಸ್. ಕಿರೀಟದ ಕತೆಯನ್ನು ಬರೆದವನು ವಿಟ್ರೂವಿಯಸ್ ಎಂಬ ರೋಮನ್ ವಾಸ್ತುಶಿಲ್ಪಿ, ಅದೂ ಸುಮಾರು ಇನ್ನೂರು ವರ್ಷಗಳ ನಂತರ. ದೊರೆ ಹೀರೊನ್ ಮಾಡಿಸಿದ ಚಿನ್ನದ ಕಿರೀಟದಲ್ಲಿ ಅಕ್ಕಸಾಲಿಗ ಬೆಳ್ಳಿ ಬೆರೆಸಿದ್ದಾನೆಯೇ ಎಂಬುದು ಪ್ರಶ್ನೆ. ಒಂದೇ ತೂಕದ ಚಿನ್ನದ ಗಟ್ಟಿ ಮತ್ತು ಕಿರೀಟವನ್ನು ಒಂದೊಂದಾಗಿ ನೀರಲ್ಲಿ ಮುಳುಗಿಸಿ ಯಾವುದು ಹೆಚ್ಚು ನೀರು ಹೊರಚೆಲ್ಲುತ್ತದೆಂದು ನೋಡಿದನಂತೆ. ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬೇಕು. ಕಿರೀಟದ ತೂಕ ಒಂದು ಕಿಲೊ, ಅದರಲ್ಲಿ 300 ಗ್ರಾಂ ಬೆಳ್ಳಿ ಎಂದಿಟ್ಟುಕೊಳ್ಳಿ. ಚಿನ್ನದ ಸಾಂದ್ರತೆ 19.3, ಬೆಳ್ಳಿಯದು 10.5. ಶುದ್ಧ ಚಿನ್ನದ ಘನಫಲ ಸುಮಾರು 52 ಘನ ಸೆಂ.ಮೀ., ಬೆರಕೆಯದು ಸುಮಾರು 65. ವ್ಯತ್ಯಾಸ 13. ಕಿರೀಟ ಹಿಡಿಸುವಂಥ, 20 ಸೆಂ.ಮೀ. ವ್ಯಾಸದ ಪಾತ್ರೆಯಲ್ಲಿ ಇದರಿಂದ ನೀರಿನ ಮಟ್ಟ ಏರುವುದು ಅರ್ಧ ಮಿಲಿಮೀಟರಿಗೂ ಕಡಿಮೆ! ಅಂದಿನ ಸಲಕರಣೆಯಲ್ಲಿ ಅದನ್ನು ಅಳೆದು ಒಬ್ಬನನ್ನು ಕಳ್ಳನೆನ್ನುವುದು ಹೇಗೆ?

ಇದೇ ಅನುಮಾನ 1586ರಲ್ಲಿ 22 ವರ್ಷದ ಹುಡುಗನೊಬ್ಬನಿಗೂ ಬಂತು. ಅವನ ಹೆಸರು ಗೆಲಿಲಿಯೊ. ಆರ್ಕಿಮಿಡೀಸನಂಥವನು ಇಷ್ಟು ಒರಟು ಉಪಾಯ ಮಾಡಿರಲಾರ, ತಕ್ಕಡಿಯನ್ನೇ ಬಳಸಿರಬೇಕು ಎಂದು ಅವನು ವಾದಿಸಿದ. ಒಂದು ಕಡೆ ಕಿರೀಟ, ಇನ್ನೊಂದು ಕಡೆ ಅಷ್ಟೇ ತೂಕದ ಚಿನ್ನ ತೂಗುಹಾಕಿ ಎರಡನ್ನೂ ನೀರಿಗಿಳಿಸಿ. ಹೆಚ್ಚು ಜಾಗ ಹಿಡಿಯುವುದನ್ನು ನೀರು ಹೆಚ್ಚು ಎತ್ತುತ್ತದೆ. ನಮ್ಮ ಲೆಕ್ಕದ ಪ್ರಕಾರ ಕಿರೀಟದ ಕಡೆ 13 ಗ್ರಾಂ ಹಗುರ. ಯಾವ ಚಿನ್ನದಂಗಡಿಯ ತಕ್ಕಡಿಯೂ ಅದನ್ನು ತೋರಿಸುತ್ತದೆ. ಪುಸ್ತಕದ ‘ಆರ್ಕಿಮಿಡೀಸ್ ತತ್ವ’ವೂ ಇದೇ. ತೇಲುವ ವಸ್ತುಗಳ ಬಗ್ಗೆ ಅವನು ಬರೆದ ಗ್ರಂಥದಲ್ಲಿ ಕಿರೀಟದ ಸುದ್ದಿಯೇ ಇಲ್ಲ.

ಕ್ರಿ.ಪೂ. 213ರಲ್ಲಿ ರೋಮನ್ನರ ದಂಡನಾಯಕ ಮಾರ್ಸೆಲಸ್ ನೆಲ, ಜಲ ಎರಡೂ ಕಡೆಯಿಂದ ಊರನ್ನು ಮುತ್ತಿದಾಗ ಆರ್ಕಿಮಿಡೀಸನಿಗೆ ಎಪ್ಪತ್ತು ದಾಟಿತ್ತು ಎನ್ನುತ್ತಾರೆ. ಅವನು ಮಾಡಿಸಿದ ಕವಣೆಯಂತ್ರಗಳು ದೂರಕ್ಕೊಂದು ಬಗೆ, ಹತ್ತಿರಕ್ಕೊಂದು ಬಗೆ. ಕೋಟೆಯ ಮೇಲಿನಿಂದ ಇಳಿದ ಕಬ್ಬಿಣದ ಕೊಕ್ಕೆಗಳು ಹಡಗಿನ ಮೂತಿ ಹಿಡಿದೆತ್ತಿ ಮಗುಚುತ್ತಿದ್ದವು. ಕೊನೆಕೊನೆಗೆ ಗೋಡೆಯ ಮೇಲೊಂದು ಹಗ್ಗವೋ ಮರದ ತುಂಡೋ ಕಂಡರೂ ರೋಮನ್ ಸೈನಿಕರು ಓಡುತ್ತಿದ್ದರಂತೆ. ಕನ್ನಡಿಯಿಂದ ಬಿಸಿಲು ಬೀರಿ ಹಡಗು ಸುಟ್ಟನೆಂಬುದನ್ನು ಮಾತ್ರ ನಂಬಬೇಕಾಗಿಲ್ಲ. ಪಾಲಿಬಿಯಸ್, ಲಿವಿ, ಪ್ಲುಟಾರ್ಕ್ ಮೂವರೂ ಅದನ್ನು ಹೇಳುವುದಿಲ್ಲ. ಕ್ರಿ.ಪೂ. 212ರಲ್ಲಿ ದೇವತೆಯ ಹಬ್ಬದ ರಾತ್ರಿ ಕಾವಲಿನವರು ಕುಡಿದು ಮೈಮರೆತಾಗ ರೋಮನ್ನರು ಗೋಡೆ ಹತ್ತಿದರು. ಒರ್ತೀಜಿಯಾ ಆಮೇಲೆ ದ್ರೋಹದಿಂದ ಬಿತ್ತು. ಜೀವಸಹಿತ ಹಿಡಿಯಲು ಮಾರ್ಸೆಲಸ್ ಬಯಸಿದ್ದರೂ ಸೈನಿಕನೊಬ್ಬ ಆರ್ಕಿಮಿಡೀಸನನ್ನು ಕೊಂದ.

ತನ್ನ ಗೋರಿಯ ಮೇಲೆ ಏನಿರಬೇಕೆಂದು ಅವನು ಮೊದಲೇ ಹೇಳಿದ್ದ. ಯಂತ್ರವಲ್ಲ, ಕಿರೀಟವಲ್ಲ; ಒಂದು ಗೋಳ, ಅದು ಸರಿಯಾಗಿ ಹಿಡಿಸುವಂಥ ಒಂದು ಸಿಲಿಂಡರ್. ಗೋಳದ ಘನಫಲ ಸಿಲಿಂಡರಿನ ಮೂರರಲ್ಲಿ ಎರಡು ಪಾಲು; ಮೇಲ್ಮೈ ವಿಸ್ತೀರ್ಣವೂ ಅಷ್ಟೇ ಪಾಲು. ಜೀವಮಾನದಲ್ಲಿ ಅವನಿಗೆ ಅತ್ಯಂತ ಪ್ರಿಯವಾಗಿದ್ದ ಸಂಶೋಧನೆ ಅದು.

137 ವರ್ಷ ಕಳೆಯಿತು. ಕ್ರಿ.ಪೂ. 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಬಂದಿದ್ದ, ಮೂವತ್ತರ ಆಸುಪಾಸಿನ ಸಿಸೆರೊ ಆ ಗೋರಿಯನ್ನು ಕೇಳಿಕೊಂಡು ಸಿರಕ್ಯೂಸಿಗೆ ಹೋದ. ಅಂಥದೊಂದು ಇಲ್ಲವೇ ಇಲ್ಲ ಎಂದರು ಊರವರು! ಊರಬಾಗಿಲ ಹೊರಗಿನ ಹಳೆಯ ಸ್ಮಶಾನದಲ್ಲಿ ಹುಡುಕುತ್ತಿದ್ದಾಗ, ಮುಳ್ಳುಪೊದೆಯ ಮೇಲೆ ತಲೆಯೆತ್ತಿದ ಪುಟ್ಟ ಕಂಬವೊಂದರಲ್ಲಿ ಗೋಳವೂ ಸಿಲಿಂಡರೂ ಅವನಿಗೆ ಕಂಡವು. ಆಳುಗಳಿಗೆ ಕುಡುಗೋಲು ಕೊಟ್ಟು ದಾರಿ ಬಿಡಿಸಿದ. ಕಲ್ಲಿನ ಮೇಲಿನ ಪದ್ಯ ಅರ್ಧಕ್ಕರ್ಧ ಸವೆದಿತ್ತು. ಒಂದು ಕಾಲಕ್ಕೆ ವಿದ್ಯೆಗೆ ಹೆಸರಾಗಿದ್ದ ಊರಿಗೆ ಅದರ ಅತಿ ಬುದ್ಧಿವಂತ ಮಗನ ಗೋರಿಯನ್ನು ಪರಸ್ಥಳದವನು ಬಂದು ತೋರಿಸಬೇಕಾಯಿತಲ್ಲ ಎಂದು ಸಿಸೆರೊ ಮುಂದೆ ಬರೆದ. ಹೇಳಿದ್ದರಲ್ಲಿ ಹೆಮ್ಮೆ ಸ್ವಲ್ಪ ಜಾಸ್ತಿಯೇ, ಆದರೂ ಸುಳ್ಳಲ್ಲ.

ಆ ಕಂಬ ಮತ್ತೆ ಕಳೆದುಹೋಯಿತು. ರಂಗಮಂದಿರದಿಂದ ಅನತಿದೂರದ ಗ್ರೊಟ್ಟಿಚೆಲ್ಲಿ ಸ್ಮಶಾನದಲ್ಲಿ, ತ್ರಿಕೋನದ ನೆತ್ತಿಯಿರುವ ಕಲ್ಲುಗವಿಯೊಂದನ್ನು ‘ಆರ್ಕಿಮಿಡೀಸನ ಗೋರಿ’ ಎಂದು ತೋರಿಸುತ್ತಾರೆ. ಫೋಟೊ ತೆಗೆಯಲು ಚೆನ್ನಾಗಿದೆ. ಆದರೆ ಅದು ಅವನು ಸತ್ತ ಎಷ್ಟೋ ಕಾಲದ ಮೇಲೆ ರೋಮನ್ನರು ಚಿತಾಭಸ್ಮದ ಕುಡಿಕೆಗಳನ್ನಿಡಲು ಕೊರೆದ ಕೋಣೆ.

ಅವನ ಬರಹಗಳ ಗತಿಯೂ ಊರಿನ ಚರ್ಚಿನಂತೆಯೇ ಆಯಿತು. ಹತ್ತನೇ ಶತಮಾನದಲ್ಲಿ ಚರ್ಮದ ಹಾಳೆಗಳ ಮೇಲೆ ನಕಲು ಮಾಡಿದ್ದ ಅವನ ಗ್ರಂಥಗಳನ್ನು 1229ರ ಹೊತ್ತಿಗೆ ಯಾರೋ ಕೆರೆದು ಅಳಿಸಿ, ಅದೇ ಹಾಳೆಗಳ ಮೇಲೆ ಪ್ರಾರ್ಥನೆಗಳನ್ನು ಬರೆದರು. 1906ರಲ್ಲಿ ಹೈಬರ್ಗ್ ಎಂಬ ಡೆನ್ಮಾರ್ಕಿನ ವಿದ್ವಾಂಸ ಇಸ್ತಾನ್‌ಬುಲ್‌ನಲ್ಲಿ ಪ್ರಾರ್ಥನೆಯ ಸಾಲುಗಳಡಿಯಲ್ಲಿ ಮಸುಕಾಗಿ ಉಳಿದಿದ್ದ ಹಳೆಯ ಅಕ್ಷರಗಳನ್ನು ಓದಿದ. 1998ರಲ್ಲಿ ಪುಸ್ತಕ 20 ಲಕ್ಷ ಡಾಲರಿಗೆ ಹರಾಜಾಯಿತು. ಕೊಂಡವರು ಅದನ್ನು ಅಮೆರಿಕದ ಬಾಲ್ಟಿಮೋರ್ ನಗರದ ವಸ್ತುಸಂಗ್ರಹಾಲಯಕ್ಕೆ ಅಧ್ಯಯನಕ್ಕೆ ಕೊಟ್ಟರು. ಬಗೆಬಗೆಯ ಬೆಳಕಿನಲ್ಲಿ ಚಿತ್ರ ತೆಗೆದು ವರ್ಷಗಟ್ಟಲೆ ಕುಳಿತು ಅದನ್ನು ಓದಿದರು. ಬೇರೆಲ್ಲೂ ಉಳಿಯದ ಒಂದು ಬರಹ ಅದರಲ್ಲಿದೆ: ಅಲೆಕ್ಸಾಂಡ್ರಿಯಾದ ಗೆಳೆಯ ಎರಟೋಸ್ತನೀಸನಿಗೆ ಆರ್ಕಿಮಿಡೀಸ್ ಬರೆದದ್ದು. ಗೋಳ, ಶಂಕು, ಸಿಲಿಂಡರುಗಳನ್ನು ಮನಸ್ಸಿನಲ್ಲೇ ತೆಳ್ಳಗೆ ಸೀಳಿ, ಒಂದೊಂದು ಸೀಳನ್ನೂ ತಕ್ಕಡಿಯ ಕೋಲಿಗೆ ತೂಗುಹಾಕಿ ಗೋಳದ ಘನಫಲವನ್ನು ಮೊದಲು ಹೇಗೆ ಕಂಡುಕೊಂಡೆನೆಂದು ಅವನು ಅದರಲ್ಲಿ ಬಿಡಿಸಿ ಹೇಳಿದ್ದಾನೆ.